ಎಂಟು ನಿಮಿಷದ ಹುಲಿ

ನಮ್ಮ ಮನೆಯ ಹೇರ್ ಡ್ರೈಯರ್ ಸುಟ್ಟುಹೋಗಿ ಒಂದು ವರ್ಷವಾಯಿತು. ಎಸೆಯಲಿಕ್ಕೆ ಮನಸ್ಸಾಗದೆ ಶೂ ಕಪಾಟಿನಲ್ಲಿ ಇಟ್ಟಿದ್ದೆ. ಮೊನ್ನೆ ಕೊಡೆ ಹುಡುಕುವಾಗ ಕೈಗೆ ಸಿಕ್ಕಿತು. ಮೂತಿ ಕರಗಿ ಸೊಟ್ಟಗಾಗಿದೆ, ಮೂಸಿದರೆ ಈಗಲೂ ಆಡಿನ ವಾಸನೆ. ಹೀಗೆ ಬರೆದ ಮೇಲೆ ಅನುಮಾನ ಬಂದು ಎದ್ದುಹೋಗಿ ಮತ್ತೊಮ್ಮೆ ಮೂಸಿದೆ. ಬರೀ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ನೀವು ನನ್ನನ್ನು ಎಷ್ಟು ನಂಬಬೇಕು ಎಂಬುದಕ್ಕೆ ಇಷ್ಟು ಸೂಚನೆ ಸಾಕು.

ಡ್ರೈಯರ್ ಸುಟ್ಟದ್ದು ನನ್ನ ಕೂದಲಿನಿಂದಲ್ಲ, ಜೋಸೆಟ್‌ಳ ಡೋಲಿನಿಂದ. ಸಿಂಗಾಪುರದ ಸೆಂಗ್‌ಕಾಂಗ್‌ನ ಈ ಕಾಂಡೊ ಅಪಾರ್ಟ್‌ಮೆಂಟಿನ ಹನ್ನೊಂದನೆಯ ಮಹಡಿಯಲ್ಲಿ ನಮ್ಮ ಬಾಗಿಲಿಗೂ ಅವಳ ಬಾಗಿಲಿಗೂ ನಡುವೆ ನಾಲ್ಕು ಹೆಜ್ಜೆ. ಜೋಸೆಟ್ ಮೂಟೂ ಮಾರಿಷಸ್‌ನವಳು. ಒನ್-ನಾರ್ತ್‌ನ ಒಂದು ಪ್ರಯೋಗಾಲಯದಲ್ಲಿ ಕೆಲಸ. ಮೊದಲ ಸಲ ಲಿಫ್ಟಿನಲ್ಲಿ ನೋಡಿದಾಗ ತಮಿಳಿನವಳು ಎಂದುಕೊಂಡು ನನಗೆ ಬರುವ ಮೂರೂ ತಮಿಳು ವಾಕ್ಯಗಳನ್ನು ಅವಳ ಮೇಲೆ ಖರ್ಚು ಮಾಡಿದೆ. ಅವಳು ನಯವಾಗಿ ಕೇಳಿಸಿಕೊಂಡಳು. ಹನ್ನೊಂದನೆಯ ಮಹಡಿ ಬಂದಾಗ, "ನಿಮ್ಮ ಭಾಷೆ ಕೇಳಲಿಕ್ಕೆ ಚೆನ್ನಾಗಿದೆ, ಯಾವುದು ಇದು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳ ಅಪ್ಪನ ತಾತ ಮುತ್ತು ಎಂಬಾತ ಕಬ್ಬು ಕಡಿಯಲು ಮದರಾಸಿನ ಕಡೆಯಿಂದ ಹಡಗು ಹತ್ತಿದವನಂತೆ. ಅಲ್ಲಿಯ ಗುಮಾಸ್ತನ ಲೇಖನಿಯಲ್ಲಿ ಮುತ್ತು ಮೂಟೂ ಆದ. ಅಮ್ಮನ ಕಡೆಯವರನ್ನು ಅದಕ್ಕೂ ಹಿಂದೆ ಆಫ್ರಿಕಾ ಮತ್ತು ಮಡಗಾಸ್ಕರ್‌ಗಳಿಂದ ಗುಲಾಮರಾಗಿ ಹೊತ್ತು ತಂದಿದ್ದರು. "ಎರಡನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದರೆ ನಾನು. ಕ್ರಿಯೋಲ್ ಅನ್ನುತ್ತಾರೆ" ಎಂದಳು. ನಾನು "ಓಹೋ" ಎಂದೆ. ಅರ್ಥವಾಗದಿದ್ದಾಗ ನಾನು ಹಾಗೆಯೇ ಅನ್ನುವುದು.

ಅವಳ ಡೋಲಿನ ಹೆಸರು ರವಾನ್. ದೊಡ್ಡ ಜರಡಿಯಷ್ಟು ಅಗಲದ ಮರದ ಬಳೆ, ಒಂದು ಕಡೆ ಬಿಗಿದ ಆಡಿನ ಚರ್ಮ. ಅದನ್ನು ಬಾರಿಸಿ, ಹಾಡಿ, ಕುಣಿಯುವುದಕ್ಕೆಲ್ಲ ಸೇರಿ ಸೆಗಾ ಎಂದು ಹೆಸರು. ತೊಂದರೆ ಸಿಂಗಾಪುರದ ಗಾಳಿಯದು. ಇಲ್ಲಿಯ ತೇವಕ್ಕೆ ಹಪ್ಪಳ ಕರವಸ್ತ್ರವಾಗುತ್ತದೆ, ಅವಲಕ್ಕಿ ತಾನಾಗಿ ನೆನೆಯುತ್ತದೆ, ಮದುವೆಯ ಆಲ್ಬಮ್ಮಿನಲ್ಲಿ ನಾನೂ ಗಂಡನೂ ಅಂಟಿಕೊಂಡಿದ್ದೇವೆ, ಬಿಡಿಸಲು ಬರುವುದಿಲ್ಲ. ಡೋಲಿನ ಚರ್ಮ ಎಷ್ಟು ತಡೆದೀತು? ಸಡಿಲಾದ ರವಾನ್ ಬಾರಿಸಿದರೆ ಒದ್ದೆ ಗೋಣಿಗೆ ಒದ್ದ ಸದ್ದು. ಬೆಂಕಿಯ ಮುಂದೆ ಹಿಡಿದು ಕಾಯಿಸಿದರೆ ಮಾತ್ರ ಅದಕ್ಕೆ ದನಿ. ಫ್ಲ್ಯಾಟಿನೊಳಗೆ ಬೆಂಕಿ ಹಾಕಿದರೆ ಮೊದಲು ಕೂಗುವುದು ಹೊಗೆಯ ಅಲಾರಂ. ಆದ್ದರಿಂದ ಒಂದು ಭಾನುವಾರ ಬಾಗಿಲು ತಟ್ಟಿ ಹೇರ್ ಡ್ರೈಯರ್ ಕೇಳಿದಳು. ಅವಳದು ಆಗಲೇ ಹುತಾತ್ಮವಾಗಿತ್ತು.

ನಾನು ಕುತೂಹಲಕ್ಕೆ ಹಿಂದೆಯೇ ಹೋದೆ. ಸೋಫಾಕ್ಕೆ ಒರಗಿಸಿದ ಡೋಲಿಗೆ ಸಲೂನಿನಲ್ಲಿ ಗಿರಾಕಿಗೆ ಮಾಡುವಂತೆ ಬಿಸಿಗಾಳಿ ಹಿಡಿದಳು. ಚರ್ಮ ಬಿಗಿಯಾಗುವಾಗ ಸಣ್ಣಗೆ ಚಟ್ ಎಂದಿತು. ಅಷ್ಟೇ ಸಾಕಾಯಿತು. ನನ್ನೊಳಗೆ ನವರಾತ್ರಿಯ ಉಡುಪಿ, ತೆಂಗಿನ ಗರಿಯ ಬೆಂಕಿ, ಅದರ ಮೇಲೆ ಬೋರಲು ಹಿಡಿದ ತಾಸೆ, ಹುಲಿವೇಷ, ಎಲ್ಲ ಒಟ್ಟಿಗೆ ನುಗ್ಗಿತು. ಹುಲಿವೇಷದವರೂ ತಾಸೆಯನ್ನು ಹೀಗೆಯೇ ಕಾಯಿಸುತ್ತಾರೆ. ತಾಸೆ ಎಂದರೆ ಕಡ್ಡಿಯಿಂದ ಬಾರಿಸುವ ಕುಳ್ಳ ಡೋಲು. ಅದರ ಸದ್ದು ಕೇಳಿದರೆ ನಮ್ಮ ಕಡೆ ಕಾಲು ಮುರಿದವನೂ ಹಾಸಿಗೆಯಿಂದ ಒಂದು ಹೆಜ್ಜೆ ಹಾಕುತ್ತಾನೆ.

ನಾನು ಹೇಳಿದೆ: "ನಿನಗೆ ಗೊತ್ತಾ ಜೋಸೆಟ್, ಒಂಬತ್ತು ವರ್ಷದವಳಿದ್ದಾಗ ನಾನು ಹುಲಿಯಾಗಿದ್ದೆ."

ಇದನ್ನು ನಾನು ಸಿಂಗಾಪುರದಲ್ಲಿ ಅನೇಕರಿಗೆ ಹೇಳಿದ್ದೇನೆ. ಚೆನ್ನಾಗಿಯೇ ಹೇಳುತ್ತೇನೆ. ಮೈಗೆಲ್ಲ ಹಳದಿ ಬಣ್ಣ ಬಳಿದು ಒಣಗುವವರೆಗೆ ಕೈಯಗಲಿಸಿ ನಿಲ್ಲುವುದು, ಬೆನ್ನಿನ ನಡುವೆ ಕೈ ಹೋಗದ ಜಾಗದಲ್ಲೇ ತುರಿಕೆ ಹುಟ್ಟುವುದು, ರಾತ್ರಿ ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆದರೂ ಕಿವಿಯ ಹಿಂದೆ ಒಂದು ಪಟ್ಟೆ ಉಳಿದು ಮೂರು ದಿನ ಶಾಲೆಯಲ್ಲಿ ಮೆರೆಯುವುದು. ಜೋಸೆಟ್ ಕಣ್ಣರಳಿಸಿ ಕೇಳಿದಳು. ಆಮೇಲೆ ತನ್ನದು ಹೇಳಿದಳು, ಅದು ಚಿಕ್ಕದು. ಈ ರವಾನ್ ಅವಳ ಅಮ್ಮನದು. ಅಮ್ಮ ಮದುವೆಯಾಗಿ ಮೂಟೂ ಮನೆಗೆ ಬಂದಾಗ ಗಂಡನ ಕಡೆಯವರು, ಇದು ಗುಲಾಮರ ಗದ್ದಲ, ಮರ್ಯಾದಸ್ಥರ ಮನೆಯಲ್ಲಿ ಬೇಡ ಎಂದರು. ಡೋಲು ಮಂಚದ ಕೆಳಗೆ ಸೇರಿತು. ಯಾರೂ ಇಲ್ಲದ ಮಧ್ಯಾಹ್ನ ಅಮ್ಮ ಅದನ್ನು ಎಳೆದು ಒಲೆಯ ಮುಂದೆ ಕಾಯಿಸಿ, ಕಿಟಕಿ ಮುಚ್ಚಿ, ಬೆರಳ ತುದಿಯಲ್ಲಿ ಬಾರಿಸುತ್ತಿದ್ದಳು. ಜೋಸೆಟ್ ಕಲಿತದ್ದು ಹಾಗೆ. ಯಾರಾದರೂ ಬಂದು ಏನದು ಸದ್ದು ಎಂದರೆ, ಅಕ್ಕಿ ಕೇರುತ್ತಿದ್ದೆವು ಎನ್ನಬೇಕು.

"ಮುಂದಿನ ತಿಂಗಳು ಅಮ್ಮ ಇಲ್ಲಿಗೆ ಬರುತ್ತಾಳೆ. ಎಪ್ಪತ್ತೆಂಟು ಆಯಿತು. ಒಂದು ಸಲ, ಅವಳ ಎದುರಿಗೆ, ಜನರ ನಡುವೆ ಇದನ್ನು ಇದರ ಹೆಸರಿನಿಂದ ಕರೆದು ಬಾರಿಸಬೇಕು, ಶಶಿ. ಒಂದೇ ಸಲ ಸಾಕು" ಎಂದಳು.

ಇದನ್ನು ಕೇಳಿದ ಮೇಲೆ ಒಳ್ಳೆಯ ಮನುಷ್ಯರು ಏನು ಮಾಡುತ್ತಾರೋ ಗೊತ್ತಿಲ್ಲ. ನಾನು ಮಾಡಿದ್ದು ಇಷ್ಟು.

ನಮ್ಮ ಕಾಂಡೊದಲ್ಲಿ ವರ್ಷಕ್ಕೊಮ್ಮೆ ಈಜುಕೊಳದ ಪಕ್ಕ ಸಂಸ್ಕೃತಿ ಸಂಜೆ ನಡೆಯುತ್ತದೆ. ನಡೆಸುವವರು ನಿವೃತ್ತ ಟ್ಯಾನ್ ಅಂಕಲ್. ಅವರ ಕೊರಳಲ್ಲಿ ಸೀಟಿ, ಕೈಯಲ್ಲಿ ಫಾರ್ಮು. ಈ ಊರಿನ ಬಹಳಷ್ಟು ಫಾರ್ಮುಗಳಂತೆ ಅದರಲ್ಲೂ ನಾಲ್ಕು ಚೌಕ: ಚೈನೀಸ್, ಮಲಯ, ಇಂಡಿಯನ್, ಅದರ್ಸ್. ಚೌಕಕ್ಕೆ ಎಂಟು ನಿಮಿಷ. ಇಂಡಿಯನ್ ಎಂಟು ನಿಮಿಷದ ಉಸ್ತುವಾರಿ ನನ್ನದೂ ವಿದ್ಯಾಳದೂ. ವಿದ್ಯಾ ಮೈಸೂರಿನವಳು, ಮೂರನೆಯ ಮಹಡಿ. ಎರಡು ನಿಮಿಷ ಅವಳ ಮಗಳ ಗಣೇಶಸ್ತುತಿ ಎಂದು ಮೊದಲೇ ಕಾದಿರಿಸಿದ್ದಳು. ಉಳಿದ ಆರು ನಿಮಿಷಕ್ಕೆ, "ನಿಮ್ಮ ಹುಲಿ ಮಾಡ್ಬಿಡಿ ಶಶಿ, ಎಷ್ಟ್ ವರ್ಷದಿಂದ ಕಥೆ ಹೇಳ್ತಿದೀರ" ಎಂದಳು. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಗೆ ನಾನು ಹುಲಿಯಾದೆ, ಮೊತ್ತಮೊದಲ ಬಾರಿಗೆ. ಅದು ಹೇಗೆ ಎಂದು ಆಮೇಲೆ ಹೇಳುತ್ತೇನೆ.

"ಡ್ರಮ್ ಯಾರು?" ಎಂದರು ಟ್ಯಾನ್ ಅಂಕಲ್.

"ನನ್ನ ಎದುರುಮನೆಯವಳು. ಜೋಸೆಟ್ ಮೂಟೂ."

"ಮೂಟೂ? ಮುತ್ತು, ಅಲ್ವಾ? ಇಂಡಿಯನ್ ಲಾ. ಒಳ್ಳೇದು." ಲಾ ಎಂಬುದು ಇಲ್ಲಿಯವರ ಮಾತಿಗೆ ಅಂಟಿದ ಬಾಲ.

ಅಲ್ಲ ಎನ್ನಲು ನನಗೆ ಪೂರ್ತಿ ಒಂದು ಉಸಿರಿನಷ್ಟು ಸಮಯವಿತ್ತು. ಆ ಉಸಿರನ್ನು ಒಳಗೆಳೆದುಕೊಂಡೆ, ಅಷ್ಟೇ. ಟ್ಯಾನ್ ಅಂಕಲ್ ಬರೆದುಕೊಂಡರು: ಇಂಡಿಯನ್, ಹುಲಿ ನೃತ್ಯ, ಸಾಂಪ್ರದಾಯಿಕ ಭಾರತೀಯ ಡೋಲು. ನನಗೆ ಅದರಲ್ಲಿ ಸುಳ್ಳೇ ಕಾಣಲಿಲ್ಲ, ಅದು ತಮಾಷೆ. ಕಾಯಿಸುತ್ತಾರೆ, ಆಡಿನ ಚರ್ಮ, ಚಟ್ ಎನ್ನುತ್ತದೆ. ನನ್ನ ಕಿವಿಗೆ ಅದು ತಾಸೆಯ ಅಕ್ಕನೋ ಚಿಕ್ಕಮ್ಮನೋ ಆಗಿತ್ತು. ಕರಾವಳಿಯವರ ಹಳೆಯ ರೋಗ ಇದು. ಲೋಕದಲ್ಲಿ ಎಲ್ಲಿ ಡೋಲು ಬಡಿದರೂ ನಮ್ಮೂರಿನ ಹುಲಿಗೇ ಬಡಿಯುತ್ತಿದ್ದಾರೆ ಎಂದುಕೊಳ್ಳುತ್ತೇವೆ.

ಸುದ್ದಿಯನ್ನು ಉಡುಗೊರೆ ಕೊಡುವವಳಂತೆ ಲಿಫ್ಟಿನಲ್ಲಿ ಜೋಸೆಟ್‌ಗೆ ಹೇಳಿದೆ. ಏಳನೆಯ ಮಹಡಿ ದಾಟುವಾಗ ಅವಳು ನನ್ನ ಕಡೆ ತಿರುಗಿದಳು.

"ಇಂಡಿಯನ್ ಡೋಲು?"

"ಫಾರ್ಮಿನಲ್ಲಿ ಮಾತ್ರ. ನಿನ್ನ ಮುತ್ತಾತ..."

"ನನ್ನ ಮುತ್ತಾತ ಇದನ್ನು ಮುಟ್ಟಿದವನಲ್ಲ. ಅವನ ಮನೆಯವರೇ ಮಂಚದ ಕೆಳಗೆ ತಳ್ಳಿದ್ದು. ನೀನು ಈಗ ವೇದಿಕೆಯ ಮೇಲೇ ತಳ್ಳುತ್ತಿದ್ದೀ." ಬಾಗಿಲು ತೆರೆಯಿತು. "ಅದರ್ಸ್‌ನಲ್ಲಿ ಹಾಕಿಸು. ಅದೂ ಒಳ್ಳೆಯ ಹೆಸರೇನಲ್ಲ, ಆದರೆ ಅಲ್ಲಿ ಕಡೇಪಕ್ಷ ಬಾಯಿ ಬಿಟ್ಟು ಹೇಳಬಹುದು."

ಟ್ಯಾನ್ ಅಂಕಲ್ ತಲೆಯಾಡಿಸಿದರು. ಅದರ್ಸ್ ತುಂಬಿದೆ. ಒಬ್ಬ ಸ್ವೀಡನ್ನಿನವನು ಎಂಟೂ ನಿಮಿಷ ಸಾಲ್ಸಾ ನೃತ್ಯ ಮಾಡುತ್ತಾನೆ. "ಮುಂದಿನ ವರ್ಷ ನೋಡುವಾ ಲಾ. ಡ್ರಮ್ ಅಂದ್ರೆ ಡ್ರಮ್, ಕೇಳೋರಿಗೆ ಏನು?"

ಜೋಸೆಟ್‌ಗೆ ಇದನ್ನು ಹೇಳಿ, ಪರಿಚಯಿಸುವಾಗ ನಾನೇ ಮೈಕಿನಲ್ಲಿ ಸರಿಯಾದ ಹೆಸರು ಹೇಳುತ್ತೇನೆ ಎಂದು ಮಾತು ಕೊಟ್ಟೆ. ಸೆಗಾ, ರವಾನ್, ಕ್ರಿಯೋಲ್, ಮಾರಿಷಸ್, ನಾಲ್ಕು ಪದ. ಅವಳು ನನ್ನ ಮುಖವನ್ನೇ ನೋಡಿ, "ಅಮ್ಮ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ" ಎಂದಳು.

ಹುಲಿಯ ಹೆಜ್ಜೆ ಮರೆತಿತ್ತು. ಊರಿಗೆ ಫೋನು ಮಾಡಿ ಅಣ್ಣನನ್ನು ಕೇಳಿದೆ. ಅವನು ನನಗಿಂತ ಮೂರು ವರ್ಷ ದೊಡ್ಡವನು. ತುಳುವಿನಲ್ಲಿ ಬೈದದ್ದನ್ನು ಕನ್ನಡದಲ್ಲಿ ಬರೆದರೆ ಅರ್ಧ ಖಾರ ಇಳಿಯುತ್ತದೆ, ಆದರೂ ಬರೆಯುತ್ತೇನೆ.

"ನೀನು ಯಾವಾಗ ಮಾರಾಯ್ತಿ ಹುಲಿ ಆದದ್ದು? ಹುಲಿ ಆದದ್ದು ನಾನು. ನೀನು ಜಗಲಿಯಲ್ಲಿ ನಮ್ಮ ಚಪ್ಪಲಿ ಕಾದುಕೊಂಡು ಕೂತಿದ್ದಿ."

"ಬಣ್ಣ ತುರಿಸಿದ್ದು ನನಗೆ ನೆನಪುಂಟು."

"ತುರಿಸಿದ್ದು ನನಗೆ. ನನ್ನ ಬೆನ್ನು ಕೆರೆದು ಕೊಟ್ಟದ್ದು ನೀನು, ಒಂದು ಕಡ್ಲೆಮಿಠಾಯಿಗೆ."

"ತೆಂಗಿನ ಗರಿಯ ಬೆಂಕಿ?"

"ಹಳೇ ಪೇಪರು ಮಾರಾಯ್ತಿ! ಗರಿ ಸುಟ್ಟರೆ ಅಜ್ಜಿ ನಮ್ಮನ್ನೇ ಸುಡ್ತಿದ್ದರು. ಸಿಂಗಾಪುರಕ್ಕೆ ಹೋಗಿ ನನ್ನ ಹುಲಿಯನ್ನೂ ಕದ್ದೆಯಾ?"

ನಾನು ಫೋನಿಟ್ಟು ಬೆನ್ನು ಮುಟ್ಟಿಕೊಂಡೆ. ಆಶ್ಚರ್ಯವೆಂದರೆ ಈಗಲೂ ತುರಿಸುತ್ತದೆ. ಬೇರೆಯವರ ಮೈಯ ನೆನಪು ನನ್ನ ಚರ್ಮಕ್ಕೆ ಹೇಗೆ ಹತ್ತಿತು? ಬಾಲ್ಯದ ಬಗ್ಗೆ ನಯವಾಗಿ ಬರೆಯುವವರನ್ನು ಕಂಡರೆ ನನಗೆ ಭಯ. ಅವರು ಯಾರ ಅಣ್ಣನ ಬೆನ್ನಿನಿಂದ ಅದನ್ನು ಕೆರೆದು ತಂದಿದ್ದಾರೋ! ವಿದ್ಯಾಳಿಗೆ ಮಾತ್ರ ನಿಜ ಹೇಳಲಿಲ್ಲ. ಅವಳ ಎದುರಿಗೆ ನಾನು "ಮಾರಾಯ್ತಿ" ನುಂಗಿ "ಕಣ್ರೀ" ಎನ್ನುವವಳು. ನನ್ನ ಒಂದು ಪಟ್ಟೆ ಹೆಚ್ಚೋ ಕಡಿಮೆಯೋ ಅವಳಿಗೇನು?

ಜೋಸೆಟ್‌ಳ ಅಮ್ಮ ಬಂದಿಳಿದರು. ಗಿಡ್ಡ ಮೈ, ಬಿಳಿ ಗುಂಗುರು ಕೂದಲು, ಕ್ರಿಯೋಲ್ ಭಾಷೆ ಬಿಟ್ಟು ಬೇರೆ ಮಾತಿಲ್ಲ. ಜೋಸೆಟ್ ಅನುವಾದ ಮಾಡುತ್ತಿದ್ದಳು, ಅದೂ ಅರ್ಧಕ್ಕೆ ನಿಲ್ಲಿಸಿ ಕೆಂಪಾಗುತ್ತಿದ್ದಳು. ಡೋಲಿಗೆ ನನ್ನ ಹೇರ್ ಡ್ರೈಯರ್ ಹಿಡಿದದ್ದನ್ನು ಕಂಡು ಆಕೆ ಒಂದು ಮಾತು ಹೇಳಿದರು.

"ಏನಂತೆ?"

"ಸತ್ತ ಆಡಿಗೆ ಸೀನು ಬರಿಸಬೇಡಿ ಅಂತೆ."

ಆಕೆ ಡೋಲನ್ನು ತಾನೇ ತಿರುಗಿಸಿ ಡ್ರೈಯರಿನ ಮೂತಿಗೆ ಒತ್ತಿ ಹಿಡಿದರು, ಇದರ ಕೈಲಾಗದೆಂದು ತೋರಿಸಲಿಕ್ಕೆ. ನಿಜವಾಗಿಯೂ ಆಗಲಿಲ್ಲ. ಟಪ್ ಎಂದು ಹೊಗೆ ಬಂತು. ಆಕೆ ಗೆದ್ದವರಂತೆ ನನ್ನನ್ನು ನೋಡಿದರು. ನಿಜವಾದ ಬೆಂಕಿಯೇ ಬೇಕು ಎಂದಾಯಿತು. ಕಾಂಡೊದಲ್ಲಿ ಕಾನೂನುಬದ್ಧವಾಗಿ ಬೆಂಕಿ ಉರಿಯುವ ಜಾಗ ಒಂದೇ, ಕೊಳದ ಆಚೆಯ ಬಾರ್ಬೆಕ್ಯೂ ಪಿಟ್. ಕಾರ್ಯಕ್ರಮದ ಸಂಜೆಗೆ ನಾನೇ ಅದನ್ನು ಬುಕ್ ಮಾಡಿದೆ. ಎಷ್ಟು ಜನರ ಊಟ ಎಂಬಲ್ಲಿ ಸೊನ್ನೆ ಬರೆದೆ. ವಾಚ್‌ಮನ್ ಅಂಕಲ್ ಎರಡು ಸಲ ಫೋನು ಮಾಡಿ ಸೊನ್ನೆಯೇ ಹೌದೇ ಎಂದು ಕೇಳಿದರು.

ವಿದ್ಯಾಳಿಗೆ ಇದು ಗೊತ್ತಾಗಿದ್ದೇ ತಡ, ಮೂರನೆಯ ಮಹಡಿಯಿಂದ ಹನ್ನೊಂದಕ್ಕೆ ಬಂದಳು.

"ಏನ್ರೀ ಶಶಿ ಇದು? ಅಲ್ಲಿ ಸಂಡೇ ಸಂಡೇ ಚಿಕನ್ ವಿಂಗ್ಸ್ ಗ್ರಿಲ್ ಮಾಡ್ತಾರೆ. ಆ ಜಾಗದಲ್ಲಿ ಕಾಯಿಸಿದ ಡ್ರಮ್ಮಿಗೆ ನನ್ನ ಮಗಳು ಗಣೇಶ ಮಾಡ್ಬೇಕಾ? ನಮ್ಮತ್ತೆ ವಿಡಿಯೊ ಕಾಲಲ್ಲಿ ನೋಡ್ತಾರ್ರೀ!"

"ಡ್ರಮ್ಮೇ ಆಡಿನ ಚರ್ಮ ಅಲ್ವೇನ್ರೀ ವಿದ್ಯಾ?"

ವಿದ್ಯಾ ಸ್ವಲ್ಪ ಹೊತ್ತು ಯೋಚಿಸಿದಳು. "ಚರ್ಮ ಬೇರೆ, ಮಟನ್ ಬೇರೆ."

"ಆಡಿಗೆ ಹಾಗನ್ನಿಸಿರಲಿಕ್ಕಿಲ್ಲ."

"ನೀವ್ ತಮಾಷೆ ಮಾಡ್ಬೇಡಿ. ಪಿಟ್‌ಗೆ ಸ್ವಲ್ಪ ಅರಿಶಿನದ ನೀರು ಚಿಮುಕಿಸ್ತೀನಿ, ಆಮೇಲೆ ಏನಾದ್ರೂ ಮಾಡ್ಕೊಳ್ಳಿ."

ಚಿಮುಕಿಸಿದಳು ಕೂಡ. ಆ ಸಂಜೆ ಇದ್ದಲಿನ ಮೇಲೆ ಅರಿಶಿನದ ನೀರು ಚುಂಯ್ ಎಂದಾಗ ಜೋಸೆಟ್‌ಳ ಅಮ್ಮ ಮಹಾ ಖುಷಿಪಟ್ಟರು. ತಮ್ಮೂರಿನಲ್ಲೂ ಬೆಂಕಿಗೆ ಮೊದಲು ಏನಾದರೂ ಕುಡಿಸುವುದುಂಟು, ಆದರೆ ಅದು ರಮ್ ಎಂದರು. ವಿದ್ಯಾಳಿಗೆ ಇದನ್ನು ಯಾರೂ ಅನುವಾದಿಸಲಿಲ್ಲ.

ನನ್ನ ಗಂಡನ ಹಳದಿ ಓಟದ ಅಂಗಿಯ ಮೇಲೆ ಕಪ್ಪು ಟೇಪಿನ ಪಟ್ಟೆ, ಮಕ್ಕಳ ಫೇಸ್ ಪೇಂಟಿನ ಮೀಸೆ. ಹೀಗೆ ಸಜ್ಜಾಗಿ ನಾನು ಪಿಟ್ಟಿನ ಬಳಿ ನಿಂತಿದ್ದೆ. ಜೋಸೆಟ್‌ಳ ಅಮ್ಮ ಡೋಲನ್ನು ಕೆಂಡದ ಮೇಲೆ ತಿರುಗಿಸುತ್ತ, ಹೆಬ್ಬೆರಳಿನಿಂದ ಚರ್ಮವನ್ನು ಒತ್ತಿ ನೋಡುತ್ತ, ಕಿವಿಗೆ ಹಿಡಿಯುತ್ತ, ಮತ್ತೆ ಕೆಂಡಕ್ಕೆ ಒಡ್ಡುತ್ತ ಇದ್ದರು. ದೋಸೆ ಹುಯ್ಯುವವರ ಹಾಗೆ ಅವಸರವಿಲ್ಲದ ಕೈ. ನಡುವೆ ನನ್ನ ಹುಲಿಹಾರಾಟದ ತಾಲೀಮು ನೋಡಿ ಹೆಗಲು ಹಿಡಿದು ಕೆಳಕ್ಕೆ ಅದುಮಿದರು. ಸೆಗಾದಲ್ಲಿ ಪಾದ ನೆಲ ಬಿಡುವುದಿಲ್ಲ. ನಾನೆಲ್ಲೋ ಓದಿದ್ದೆ: ಗುಲಾಮರ ಕಾಲಿಗೆ ಸಂಕೋಲೆ ಇದ್ದುದರಿಂದ ಆ ಹೆಜ್ಜೆ ಹಾಗಾಯಿತಂತೆ. ಕಣ್ಣು ತೇವ ಮಾಡಿಕೊಂಡು ಜೋಸೆಟ್ ಮೂಲಕ ಅದನ್ನು ಕೇಳಿದೆ. ಆಕೆ ನಕ್ಕುಬಿಟ್ಟರು.

"ಇರಬಹುದು, ಪುಸ್ತಕದವರಿಗೆ ಗೊತ್ತು, ಅನ್ನುತ್ತಾಳೆ. ನಾವು ಕುಣಿದದ್ದು ಸಮುದ್ರದ ಮರಳಿನಲ್ಲಿ. ಮರಳಿನಲ್ಲಿ ಕಾಲೆತ್ತಿ ಕುಣಿದವಳು ಬೀಳುತ್ತಾಳೆ, ಕತ್ತೆ, ಅನ್ನುತ್ತಾಳೆ." ಜೋಸೆಟ್ ಕೆಂಪಾದಳು. "ಕತ್ತೆ ನಾನು ಸೇರಿಸಿದ್ದಲ್ಲ."

ಮುಂದಿನದು ನನಗೆ ಸ್ಪಷ್ಟವಾಗಿ ನೆನಪಿದೆ. ಸ್ವೀಡನ್ನಿನವನ ಸಾಲ್ಸಾ ಮುಗಿಯಿತು. ಗಣೇಶ ಬಂದು ಹೋದ. ಟ್ಯಾನ್ ಅಂಕಲ್ ಸೀಟಿ ಊದಿ ಮೈಕನ್ನು ನನ್ನ ಕೈಗೆ ಕೊಟ್ಟರು. ನಾನು ಜನರನ್ನು ನೋಡಿದೆ, ಮೊದಲ ಸಾಲಿನ ಬಿಳಿ ಗುಂಗುರು ಕೂದಲನ್ನು ನೋಡಿದೆ. ನನ್ನ ಆರು ನಿಮಿಷವನ್ನು ಬಿಟ್ಟುಕೊಡುತ್ತಿದ್ದೇನೆ, ಇದು ಇಂಡಿಯನ್ ಅಲ್ಲ, ಇದು ಸೆಗಾ ಎಂದು ಗಂಭೀರವಾಗಿ ಘೋಷಿಸಿ, ಮೈಕನ್ನು ಜೋಸೆಟ್‌ಗೆ ಎರಡೂ ಕೈಯಿಂದ ಒಪ್ಪಿಸಿದೆ. ಜನ ಮೌನವಾದರು. ಗಾಳಿ ಕೂಡ ಬೀಸಿತು.

ವಿದ್ಯಾ ಅತ್ತೆಗಾಗಿ ಮಾಡಿದ ವಿಡಿಯೊ ಎರಡು ದಿನದ ಮೇಲೆ ನನ್ನ ಫೋನಿಗೂ ಬಂತು. ಅದರಲ್ಲಿ ಗಾಳಿಯಿಲ್ಲ. ಮೀಸೆ ಕರಗಿದ ಒಂದು ಹುಲಿ ಮೈಕು ಹಿಡಿದು ಹಲ್ಲು ಕಿರಿದು ನಿಂತಿದೆ. ಜನರ ಚಪ್ಪಾಳೆಗೆ ಅದರ ಎದೆ ಉಬ್ಬಿದೆ. ಅದು ಹೇಳುತ್ತದೆ: "ಥ್ಯಾಂಕ್ಯೂ, ಥ್ಯಾಂಕ್ಯೂ! ನಾನು ಒಂಬತ್ತು ವರ್ಷದವಳಿದ್ದಾಗ ನಮ್ಮೂರಿನಲ್ಲಿ ಹುಲಿಯಾಗಿದ್ದೆ. ಈಗ ನಮ್ಮ ಸಾಂಪ್ರದಾಯಿಕ ಇಂಡಿಯನ್..."

ಅಷ್ಟರಲ್ಲಿ ಪರದೆಯ ಎಡಗಡೆಯಿಂದ ಒಂದು ಕೈ ಬಂದು ಮೈಕನ್ನು ಹಿಡಿಯುತ್ತದೆ. ಜೋಸೆಟ್ ಎಳೆಯುತ್ತಾಳೆ. ಹುಲಿ ಬಿಡುವುದಿಲ್ಲ. ಹುಲಿಯ ನಗು ಹಾಗೆಯೇ ಇದೆ, ಬೆರಳುಗಳು ಮಾತ್ರ ಬೆಳ್ಳಗಾಗಿವೆ. ಇನ್ನೊಂದು ಕಂಕುಳಲ್ಲಿ ಕಾಯಿಸಿದ ಡೋಲನ್ನು ಅವುಚಿಕೊಂಡು ಜೋಸೆಟ್ ಮತ್ತೆ ಜಗ್ಗುತ್ತಾಳೆ. ಹಿಂದೆ ಎಲ್ಲೋ ವಿದ್ಯಾಳ ದನಿ: "ಅಯ್ಯೋ, ಬಿಡ್ರೀ ಶಶಿ!"

ಮೈಕು ಅವಳ ಕೈಗೆ ಹೋಯಿತು.

"ನಾನು ಜೋಸೆಟ್ ಮೂಟೂ" ಎಂದಳು. ಡೋಲನ್ನು ಮೇಲೆತ್ತಿ ತೋರಿಸಿದಳು. "ಇದು ರವಾನ್. ಇದನ್ನು ಮಾಡಿದವರು ಹಡಗಿನಲ್ಲಿ ತಂದು ಇಳಿಸಿದ ಜನ. ಅವರು ತಂದದ್ದು ಏನೂ ಇರಲಿಲ್ಲ, ಇದನ್ನು ಅಲ್ಲಿಯೇ ಕಟ್ಟಿದರು. ಇದು ಸೆಗಾ. ಇದು ಕ್ರಿಯೋಲ್. ನನಗೆ ಕಲಿಸಿದವಳು ನನ್ನಮ್ಮ, ಕಿಟಕಿ ಮುಚ್ಚಿ. ನನ್ನಮ್ಮ ಅಲ್ಲಿ ಕೂತಿದ್ದಾಳೆ, ಕೆಂಪು ಲಂಗ. ನಾವು ಯಾವತ್ತೂ..."

ಕೆಂಪು ಲಂಗದಾಕೆ ಎದ್ದು ನಿಂತು ಕ್ರಿಯೋಲ್‌ನಲ್ಲಿ ಗದರಿದರು. ಇಡೀ ಕೊಳ ತಿರುಗಿ ನೋಡಿತು. ಜೋಸೆಟ್ ಬಾಯಿ ಮುಚ್ಚಿ, ಆಮೇಲೆ ನಕ್ಕು, ಮೈಕಿನಲ್ಲೇ ಅನುವಾದಿಸಿದಳು:

"ಮಾತು ಸಾಕು, ಚರ್ಮ ತಣಿಯುತ್ತಿದೆ ಅಂತೆ."

ಬಾರಿಸಿದಳು. ಬೆರಳ ತುದಿಯಲ್ಲಲ್ಲ, ಇಡೀ ಅಂಗೈಯಲ್ಲಿ. ಅವಳ ಅಮ್ಮ ಲಂಗದ ಎರಡು ಅಂಚು ಹಿಡಿದು, ಪಾದ ಎತ್ತದೆ, ಟೈಲ್ಸಿನ ಮೇಲೆ ಮರಳು ಇರುವಂತೆಯೇ ಜಾರುತ್ತ ಮುಂದೆ ಬಂದರು. ಟ್ಯಾನ್ ಅಂಕಲ್ ಗಡಿಯಾರ ನೋಡಿದರು, ಸೀಟಿಯನ್ನು ಬಾಯಿಗಿಟ್ಟರು, ಊದಲಿಲ್ಲ. ಹತ್ತು ನಿಮಿಷ ಕಳೆದ ಮೇಲೂ ಊದಲಿಲ್ಲ.

ಈ ಕಥೆಯನ್ನು ಆಮೇಲೆ ಟ್ಯಾಂಪಿನೀಸ್‌ನ ಒಂದು ಮನೆಯ ಊಟದಲ್ಲಿ ಹೇಳಿದ್ದೇನೆ, ಆಫೀಸಿನಲ್ಲಿ ಹೇಳಿದ್ದೇನೆ, ಅಣ್ಣನಿಗೂ ಹೇಳಿದ್ದೇನೆ. ಹೇಳಿದಾಗಲೆಲ್ಲ ಮೈಕು ಸ್ವಲ್ಪ ಸ್ವಲ್ಪ ಬೇಗ ಜೋಸೆಟ್‌ಳ ಕೈಗೆ ಹೋಗುತ್ತಿದೆ. ಕಳೆದ ವಾರದ ಹೊತ್ತಿಗೆ ಅವಳು ಕೇಳುವ ಮೊದಲೇ ಕೊಟ್ಟಿದ್ದೆ. ಆದ್ದರಿಂದ ಇವತ್ತು ವಿಡಿಯೊವನ್ನು ಮತ್ತೆ ಹಾಕಿ, ನಿಲ್ಲಿಸಿ ನಿಲ್ಲಿಸಿ ಎಣಿಸಿ, ಇಲ್ಲಿ ಬರೆದಿಡುತ್ತಿದ್ದೇನೆ: ನಾಲ್ಕು ಸೆಕೆಂಡು. ನಾಲ್ಕು ಸೆಕೆಂಡು ನಾನು ಬಿಡಲಿಲ್ಲ.